ಅರಗು ಮೆತ್ತಿದ ಕ್ಯಾಸೆಟ್ಟುಗಳು

ಹುಮನಾಬಾದಿನಲ್ಲಿ ನನಗೊಂದು ಅಡ್ಡಹೆಸರಿದೆ: ಕ್ಯಾಸೆಟ್ ಸಿಸ್ಟರ್. ನನ್ನೆದುರು ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆ. ಸರಕಾರಿ ನರ್ಸಾಗಿ ಹಳ್ಳಿ ಹಳ್ಳಿ ತಿರುಗಿದವಳು ನಾನು. ಕೂಸಿಗೆ ಸೂಜಿ ಹಾಕಿ, ಅದು ಬಾಯಿ ಮುಚ್ಚುವ ಮೊದಲೇ ಮನೆಯವರ ಹತ್ತಿರ ಹಳೆಯ ಕ್ಯಾಸೆಟ್ಟುಗಳಿವೆಯೇ ಎಂದು ಕೇಳುತ್ತಿದ್ದೆ. ಹಾಗೆ ಕೂಡಿಸಿದ್ದು ಈಗ ನನ್ನ ಮನೆಯ ಎರಡು ಅಲಮಾರಿ ತುಂಬಿ ಮಂಚದ ಕೆಳಗೂ ಸೇರಿದೆ. ಅದರಲ್ಲಿ ಹೆಸರಾದವರ ಹಾಡು ಒಂದೂ ಇಲ್ಲ. ಹುಲಸೂರಿನ ಒಂದು ಭಜನಾ ಮಂಡಳಿಯ ಕ್ಯಾಸೆಟ್ಟಿದೆ. ಎರಡನೆಯ ಹಾಡಿನ ನಡುವೆ ತಬಲಾದವನು ಏನೋ ಸಿಟ್ಟಿಗೆದ್ದು ಹೊರಟುಹೋಗುತ್ತಾನೆ, ಬಾಗಿಲು ಬಡಿದ ಸಪ್ಪಳವೂ ಅದರಲ್ಲಿದೆ, ಉಳಿದವರು ಬರೀ ಚಪ್ಪಾಳೆಯ ಮೇಲೆ ಹಾಡು ಮುಗಿಸುತ್ತಾರೆ. ಆ ಚಪ್ಪಾಳೆಯನ್ನು ನಾನು ಯಾವ ಉಸ್ತಾದನ ತಬಲಾಕ್ಕೂ ಬದಲು ಕೊಡುವವಳಲ್ಲ. ಒಬ್ಬ ಸೈಕಲ್ ಅಂಗಡಿಯವನ ಕವಾಲಿ ಇದೆ. ಅವನ ಹಾರ್ಮೋನಿಯಮ್ಮಿನ ಒಂದು ಸ್ವರದ ಮನೆ ಸತ್ತಿದೆ, ಅದನ್ನು ತಪ್ಪಿಸಲು ಅವನು ಪ್ರತಿಸಲವೂ ರಾಗವನ್ನೇ ಸುತ್ತು ಹಾಕಿಸುತ್ತಾನೆ, ಕೇಳುವವರಿಗೆ ಆ ಸುತ್ತೇ ಬೇಕು ಅನ್ನಿಸುತ್ತದೆ. ಈಗಿನ ಹಾಡಿನಲ್ಲಿ ಸುತ್ತೂ ಇಲ್ಲ, ಕೆಮ್ಮೂ ಇಲ್ಲ, ಸಿಟ್ಟೂ ಇಲ್ಲ, ಎಲ್ಲವನ್ನೂ ಒರೆಸಿ ಇಟ್ಟಿರುತ್ತಾರೆ. ಎದುರು ಮನೆಯ ಹುಡುಗಿ ಮೊಬೈಲಿನಲ್ಲಿ ಪಲ್ಲವಿ ಮುಗಿಯುವ ಮೊದಲೇ ಹಾಡನ್ನು ಬೆರಳಿನಿಂದ ಮೇಲೆ ತಳ್ಳಿ ಇನ್ನೊಂದಕ್ಕೆ ಹೋಗುತ್ತಾಳೆ. ಮದುವೆ ಮೆರವಣಿಗೆಯ ಡಿಜೆ ಬಂದರೆ ನನ್ನ ಅಡಿಗೆಮನೆಯ ತಾಟುಗಳು ಗಡಗಡ ನಡುಗುತ್ತವೆ. ಎಲ್ಲರ ದನಿಯೂ ಎಲ್ಲರ ಕಿಸೆಯಲ್ಲಿದೆ, ಪೂರ್ತಿ ಕೇಳುವವರು ಯಾರೂ ಇಲ್ಲ. ಇದನ್ನೆಲ್ಲ ಹೇಳಿದರೆ ಮುದುಕಿಗೆ ಅರಳುಮರಳು ಎನ್ನುತ್ತಾರೆ. ಅನ್ನಲಿ. ನಾನು ಸಂಗೀತದ ಹುಚ್ಚಿಗೆ ಇವನ್ನೆಲ್ಲ ಕೂಡಿಸಿದವಳಲ್ಲ, ಹುಡುಕುತ್ತ ಹುಡುಕುತ್ತ ಹುಚ್ಚು ಹತ್ತಿತು. ನಾನು ಹುಡುಕುತ್ತಿದ್ದದ್ದು ಒಂದೇ ಕ್ಯಾಸೆಟ್ಟು. ಅದು ನನ್ನ ಅಕ್ಕ ನೀಲಾ ಹಾಡಿದ್ದು.

ಬಸವಕಲ್ಯಾಣದ ಕೋಟೆಯ ಬೆನ್ನಿಗಿದ್ದ ಓಣಿಯಲ್ಲಿ ನಮ್ಮ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದು ಪಡಸಾಲೆ, ಅದರ ಒಳಗೆ ಅಡಿಗೆಮನೆ, ಮಗ್ಗುಲಲ್ಲಿ ಕಾಳುಕಡಿ ಇಡುವ ಕತ್ತಲೆ ಕೋಣೆ. ಪಡಸಾಲೆಯ ಗೂಡಿನಲ್ಲಿ ಟೇಪ್ ರೆಕಾರ್ಡರು. ಅದಕ್ಕೆ ಅವ್ವ ಕುಬಸದ ಬಟ್ಟೆಯಲ್ಲಿ ಒಂದು ಮುಸುಕು ಹೊಲಿದಿದ್ದಳು. ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದರೂ ಓಣಿಯವರ ಬಾಯಲ್ಲಿ ಪೋಸ್ಟ್ ಮಾಸ್ತರನೇ ಆಗಿದ್ದ. ಸಂಬಳವಾದ ವಾರ ಮಾಣಿಕನಗರಕ್ಕೆ ಹೋಗಿ, ಯಾರೂ ಕೊಳ್ಳದ ಹಾಡುಗಾರರ ಕ್ಯಾಸೆಟ್ಟು ಆರಿಸಿ ತರುವುದು ಅವನ ಒಂದೇ ಚಟ. ಸಂಜೆ ದೀಪ ಹಚ್ಚಿದ ಮೇಲೆ ನಾವೆಲ್ಲ ಊಟಕ್ಕೆ ಕೂತರೆ ಒಂದು ಮಗ್ಗುಲು ಹಚ್ಚುತ್ತಿದ್ದ, ಕೈ ತೊಳೆದ ಮೇಲೆ ಇನ್ನೊಂದು ಮಗ್ಗುಲು. ನಡುವೆ ಮಾತಾಡಬಾರದು, ಏಳಬಾರದು. ಎಷ್ಟೇ ಕೆಟ್ಟದಾಗಿ ಹಾಡಿದ್ದರೂ ಟೇಪು ತಾನಾಗಿ ಕಟಕ್ ಎಂದು ನಿಲ್ಲುವವರೆಗೆ ಕೇಳಬೇಕು. ಒಮ್ಮೆ ನಾನು ಹಾಡು ಬೇಸರವೆಂದು ಎದ್ದಿದ್ದಕ್ಕೆ ಅಪ್ಪ ಕೈ ಹಿಡಿದು ಕೂಡಿಸಿದ.

“ಸುಮ್ನ ಕುಂದ್ರು. ಹೆಸರಾದವ್ರ ಹಾಡು ಜಗತ್ತೇ ಕೇಳ್ತದ. ಈ ಮನಷಾನ ಹಾಡು ಈ ಹೊತ್ತಿನ್ಯಾಗ ನಾವಷ್ಟೇ ಕೇಳಾಕತ್ತೀವಿ. ನಾವೂ ಎದ್ದು ಹೋದ್ರ ಅಂವಾ ಯಾರ ಮುಂದ ಹಾಡ್ಬೇಕು?”

ಅಡಿಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಡೆಯುತ್ತಲೇ ಇರುತ್ತಿತ್ತು. ಅದಕ್ಕೆ ಅಪ್ಪನ ಮಾಫಿ ಇತ್ತು. ರೊಟ್ಟಿ ಬಡಿಯುವುದು ತಾಳ, ಗದ್ದಲವಲ್ಲ ಎನ್ನುತ್ತಿದ್ದ. ಜೋಳದ ಬಿಸಿ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು, ಗುರುತಿಲ್ಲದ ಮನುಷ್ಯನೊಬ್ಬ ಯಾವುದೋ ದುಃಖ ಹೇಳಿಕೊಳ್ಳುವುದನ್ನು ಕೇಳುತ್ತ ನಾನು ಬೆಳೆದೆ. ಈಗಲೂ ಹಾಡು ಕೇಳಿದರೆ ನನಗೆ ಹಸಿವಾಗುತ್ತದೆ.

ಅಕ್ಕ ನನಗಿಂತ ಬಹಳ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಹಾಡನ್ನು ಅವಳಿಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಬೀಸುವ ಕಲ್ಲಿನ ಪದಗಳನ್ನು ಅವ್ವನಿಂದ ಕಲಿತಳು, ಮೊಹರಮ್ಮಿನ ಅಲಾಯಿ ಪದಗಳನ್ನು ಪಕ್ಕದ ಮನೆಯ ಹುಸೇನಬೀ ಖಾಲಾಳಿಂದ. ದನಿ ಸಣ್ಣದು, ಆದರೆ ಮೇಲೆ ಹೋದಾಗ ಒಂದು ಕಡೆ ನಡುಗಿ ಮತ್ತೆ ನಿಲ್ಲುತ್ತಿತ್ತು. ಅದು ನಿಂತಾಗ ಕೇಳುವವರ ಉಸಿರೂ ನಿಲ್ಲುತ್ತಿತ್ತು. ಮಾಣಿಕನಗರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಬೀಬ್ ಮಾಮಾ ತನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ಹೊಡೆದು ಹಾಡು ರೆಕಾರ್ಡು ಮಾಡುತ್ತಿದ್ದ. ಅವನ ಕಂಪನಿಗೆ ಹೆಸರೇ ಇರಲಿಲ್ಲ. ಅಪ್ಪ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೊರಟಾಗ ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು.

“ಹೆಣ್ಣಮಗಳ ದನಿ ಡಬ್ಬ್ಯಾಗ ಹಾಕಿ ಮಾರೂದಂದ್ರ ಏನ್ರಿ? ನಾಳಿ ಆಕಿನ್ನ ಯಾರರ ಮಾಡ್ಕೋಬೇಕೋ ಬ್ಯಾಡೋ?”

“ಹಾಡಿದ್ರ ಯಾರೂ ಸವದು ಹೋಗಂಗಿಲ್ಲ. ಸರಿ ಆ ಕಡಿ,” ಎಂದ ಅಪ್ಪ.

ಒಂದು ಮಗ್ಗುಲಿಗೆ ಬೀಸುವ ಪದ, ಇನ್ನೊಂದು ಮಗ್ಗುಲಿಗೆ ಅಲಾಯಿ ಪದ. ಹಬೀಬ್ ಮಾಮಾನಿಂದ ಹೊರಟ ಕ್ಯಾಸೆಟ್ಟುಗಳು ಮಾಣಿಕನಗರದ ಅಂಗಡಿಗಳಿಗೆ, ಕಲ್ಯಾಣದ ಪೇಟೆಗೆ, ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿಗೆ ಹೋದವು. ಮನೆಯಲ್ಲಿ ಆ ಕೆಲವು ತಿಂಗಳು ಅಪ್ಪ ಅದನ್ನೇ ಹಚ್ಚುತ್ತಿದ್ದ. ಅಕ್ಕ ನಾಚಿ ಅಡಿಗೆಮನೆ ಸೇರುತ್ತಿದ್ದಳು. ಒಂದು ಮಾತು ನನಗೆ ಆಗಲೇ ವಿಚಿತ್ರ ಅನ್ನಿಸಿತ್ತು. ಬೇರೆಯವರ ಕ್ಯಾಸೆಟ್ಟನ್ನು ಟೇಪು ತಾನಾಗಿ ನಿಲ್ಲುವವರೆಗೆ ಬಿಡುವವನು, ಅಕ್ಕನದನ್ನು ಮಾತ್ರ ಕೊನೆಯ ಹಾಡು ಮುಗಿದೊಡನೆ ಎದ್ದು ಬಂದ್ ಮಾಡುತ್ತಿದ್ದ. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ಹುಮನಾಬಾದಿನಿಂದ ಸಂಬಂಧ ಬಂತು. ಅನುಕೂಲಸ್ಥರು, ಕಾಳಿನ ವ್ಯಾಪಾರ. ಹುಡುಗನ ತಂದೆ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಚಹಾದ ಬಶಿ ಕೆಳಗಿಟ್ಟು, ಬಹಳ ಸಮಾಧಾನದಿಂದ ಮಾತಾಡಿದ.

“ಮಾಸ್ತರ, ನಿಮ್ಮ ಮಗಳು ಛಲೋ ಹಾಡ್ತಾಳ, ಅದ್ರಾಗ ಏನೂ ಖೋಟ್ ಇಲ್ಲ. ಆದ್ರ ನಮ್ಮ ಸೊಸಿ ಆವಾಜ್ ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡಿಯಾವ್ರು ಕೇಳಬಾರದು ನೋಡ್ರಿ. ನಮಗೂ ಇಜ್ಜತ್ ಅದ. ಅವೆಲ್ಲ ಕ್ಯಾಸೆಟ್ ನೀವು ಬಂದ್ ಮಾಡಿಸಿದ್ರ, ಲಗ್ನದ ತಿಥಿ ನಾಳೇನೇ ತೆಗಸೂಣ.”

ಅವಳು ಅಲಾಯಿ ಪದ ಹಾಡಿದ್ದಕ್ಕೆ ಆ ಮನುಷ್ಯನ ತಕರಾರು ಇರಲಿಲ್ಲ. ಅವನ ಮನೆಯಲ್ಲೂ ಮೊಹರಮ್ಮಿಗೆ ಅಲಾಯಿ ದೇವರ ಮುಂದೆ ಸಕ್ಕರೆ ಓದಿಸುತ್ತಿದ್ದರು. ಈಗಾದರೆ ಮೊದಲು ಅದನ್ನೇ ಎತ್ತಿ ಆಡುತ್ತಿದ್ದರು, ಅವಳ ದನಿಯ ಮಾತು ಆಮೇಲೆ ಬರುತ್ತಿತ್ತು. ಕಾಲ ಸುಧಾರಿಸಿದೆ ಅನ್ನುವವರಿಗೆ ನಾನು ಇಷ್ಟು ಹೇಳಬಲ್ಲೆ: ಅವತ್ತು ಹೆಣ್ಣಿನ ಬಾಯಿ ಮುಚ್ಚಿಸಲು ಒಂದು ನೆಪ ಸಾಕಾಗಿತ್ತು, ಇವತ್ತು ಎರಡಿವೆ.

ಅಪ್ಪ ಹೂಂ ಅಂದುಬಿಟ್ಟ. ಯಾಕೆ ಅಂದನೋ ಇವತ್ತಿಗೂ ನನಗೆ ತಿಳಿಯದು. ಒಳ್ಳೆಯ ಮನೆತನ ಕೈತಪ್ಪುತ್ತದೆಂಬ ಹೆದರಿಕೆಯೋ, ಅವ್ವ ಅಂದಿದ್ದ ಮಾತೇ ನಿಜವಾಯಿತೆಂಬ ಸೋಲೋ. ಅಂಗಡಿ ಅಂಗಡಿ ತಿರುಗಿ, ಉಳಿದಿದ್ದ ಕ್ಯಾಸೆಟ್ಟುಗಳನ್ನೆಲ್ಲ ಎರಡು ಕೈಚೀಲದಲ್ಲಿ ತಂದು ಪಡಸಾಲೆಯಲ್ಲಿ ಸುರಿದ. ಬೆಂಕಿಗೆ ಹಾಕಬಹುದಿತ್ತು. ಆದರೆ ನಮ್ಮದು ಹರಿದ ಸೀರೆಯನ್ನು ಕೌದಿ ಮಾಡುವ, ಕೌದಿ ಹರಿದರೆ ಕಾಲೊರಸು ಮಾಡುವ ಮನೆ. ಕೆಲಸಕ್ಕೆ ಬರುವ ವಸ್ತುವನ್ನು ಸುಡುವುದು ನಮ್ಮಲ್ಲಿ ಪಾಪ. ಹಾಡು ಅಳಿಸಿ ಖಾಲಿ ಮಾಡಿ, ಬೇಕಾದವರಿಗೆ ಹಂಚುವುದೆಂದು ಅಪ್ಪ ನಿಶ್ಚಯಿಸಿದ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ತೂತುಗಳಿರುತ್ತವೆ. ಅವು ತೆರೆದಿದ್ದರೆ ರೆಕಾರ್ಡಿನ ಗುಂಡಿ ಕೆಳಗಿಳಿಯುವುದಿಲ್ಲ, ಮುಚ್ಚಿದರೆ ಇಳಿಯುತ್ತದೆ. ಬೇರೆಯವರಾದರೆ ಕಾಗದ ತುರುಕುತ್ತಿದ್ದರು. ಅಂಚೆಯ ಪಾರ್ಸಲ್ಲಿಗೆ ಅರಗು ಒತ್ತಿ ಒತ್ತಿ ಕೈ ಕೂತ ಮನುಷ್ಯ ಇವನು. ಪೇಟೆಯಿಂದ ಕೆಂಪು ಅರಗು ಕೊಂಡು ತಂದು, ಚಿಮಣಿ ದೀಪಕ್ಕೆ ಹಿಡಿದು ಕರಗಿಸಿ, ಒಂದೊಂದೇ ತೂತಿಗೆ ಹನಿ ಬಿಟ್ಟ. ಅಕ್ಕ ಎದುರಿಗೆ ಕೂತು ಒಂದೊಂದಾಗಿ ಕ್ಯಾಸೆಟ್ಟು ಕೊಡುತ್ತಿದ್ದಳು.

ಅವಳ ಹಾಡಿನ ಮೇಲೆ ರೇಡಿಯೊದ ಸಿನೆಮಾ ಹಾಡು ತುಂಬಿದರೆ ಆಯಿತಲ್ಲ ಎಂದು ನಾನೇ ಕೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ.

“ಆಕಿ ಮ್ಯಾಗ ಮತ್ತೊಬ್ಬರು ಹಾಡೂದು ಬ್ಯಾಡ. ಸುಮ್ನ ಖಾಲಿ ಇರ್ಲಿ.”

ನಮ್ಮ ಯಂತ್ರದ ಮೈಕು ಅದರ ಹೊಟ್ಟೆಯಲ್ಲೇ ಇತ್ತು. ರೆಕಾರ್ಡು ಒತ್ತಿದರೆ ಕೋಣೆಯಲ್ಲಿ ಆದ ಸಪ್ಪಳವೆಲ್ಲ ಒಳಗೆ ಹೋಗುತ್ತಿತ್ತು. ಕ್ಯಾಸೆಟ್ಟು ಖಾಲಿಯಾಗಬೇಕಾದರೆ ಮನೆಯೂ ಖಾಲಿಯಂತಿರಬೇಕು. ಹೊರಗಿನ ಮೈಕು ಸಿಕ್ಕಿಸುವ ತೂತಿಗೊಂದು ಖಾಲಿ ಪಿನ್ನು ಚುಚ್ಚಿದ್ದರೆ ಸಾಕಿತ್ತು, ಒಳಗಿನ ಮೈಕು ಬಂದಾಗುತ್ತಿತ್ತು, ನಾವು ಕುಣಿದರೂ ಏನೂ ತುಂಬುತ್ತಿರಲಿಲ್ಲ ಎಂದು ಬಹಳ ವರ್ಷದ ಮೇಲೆ ಹಬೀಬ್ ಮಾಮಾ ನನಗೆ ಹೇಳಿದ. ಆದರೆ ಅವನಿಗೆ ಮುಖ ತೋರಿಸಲಾರದೆ ಅಪ್ಪ ಅವನ ಅಂಗಡಿ ಕಡೆ ಹಾಯುವುದನ್ನೇ ಬಿಟ್ಟಿದ್ದ, ಕೇಳುವುದಾದರೂ ಹೇಗೆ? ಹೀಗಾಗಿ ದಿನಾ ಸಂಜೆ, ನಾವು ಹಾಡು ಕೇಳುತ್ತಿದ್ದ ಅದೇ ಹೊತ್ತಿಗೆ, ಅದೇ ಪಡಸಾಲೆಯಲ್ಲಿ, ಉಸಿರು ಬಿಗಿಹಿಡಿದು ಕೂಡತೊಡಗಿದೆವು. ಅಳಿಸುವುದನ್ನು ಅವಸರ ಮಾಡಲು ಬರುವುದಿಲ್ಲ. ಹಾಡಲು ಎಷ್ಟು ಹೊತ್ತೋ ಅಳಿಸಲೂ ಅಷ್ಟೇ ಹೊತ್ತು. ಕೊನೆಯ ಹಾಡು ಮುಗಿಯುವ ಹೊತ್ತನ್ನು ಅಪ್ಪ ಗೋಡೆಯ ಗಡಿಯಾರದಲ್ಲಿ ಗುರುತಿಟ್ಟುಕೊಂಡಿದ್ದ, ಮುಳ್ಳು ಅಲ್ಲಿಗೆ ಬಂದೊಡನೆ ಗುಂಡಿ ಎತ್ತುತ್ತಿದ್ದ. ಅಲ್ಲಿಯವರೆಗೆ ಯಾರೂ ಕೆಮ್ಮುವಂತಿಲ್ಲ. ಅವ್ವ ರೊಟ್ಟಿ ಬಡಿಯುವಂತಿಲ್ಲ. ಜೋಳ ತಿಂದು ಬದುಕಿದ ಮನೆಯಲ್ಲಿ ಅಷ್ಟೂ ದಿನ ಅನ್ನ, ಸಾರು. ಬರೀ ಅನ್ನ ಸಪ್ಪಳ ಮಾಡುವುದಿಲ್ಲ. ನನಗೆ ಹೊಟ್ಟೆ ತುಂಬುತ್ತಿರಲಿಲ್ಲ, ಅದನ್ನು ಹೇಳುವ ಹಾಗೂ ಇರಲಿಲ್ಲ.

ಒಂದು ಸಂಜೆ ಅವ್ವನಿಗೆ ತಡೆಯಲಾಗಲಿಲ್ಲ. ಯಂತ್ರ ತಿರುಗುತ್ತಿರುವಾಗಲೇ ಎದ್ದು ಬಂದು ಅಪ್ಪನ ಮುಂದೆ ನಿಂತಳು.

“ಹಾಡಿಸಬ್ಯಾಡ್ರಿ ಅಂದೆ, ನನ್ನ ಮಾತು ಕೇಳ್ಲಿಲ್ಲ. ಈಗ ಅಳಸಬ್ಯಾಡ್ರಿ ಅಂತೀನಿ, ಈಗೂ ಕೇಳಂಗಿಲ್ಲ. ಆಕಿನ್ನ ಹೊರಗ ಹಾಕಿದಾಂವಾ ನೀನ, ಒಳಗ ಹೂಳಾಂವಾ ನೀನ. ಒಂದರ ಉಳಸ್ರಿ ಮನ್ಯಾಗ.”

ಜೀವಮಾನದಲ್ಲಿ ಅವ್ವ ಅಪ್ಪನಿಗೆ ‘ನೀನು’ ಅಂದದ್ದು ಅದೊಂದೇ ಸಲ. ಅಪ್ಪ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅವ್ವನ ಮಾತು ಬಿದ್ದಿದೆಯೆಂದು ಅದನ್ನೂ ಮೊದಲಿನಿಂದ ಅಳಿಸಿದ. ಒಂದನ್ನೂ ಉಳಿಸಲಿಲ್ಲ. ಬೀಗರಿಗೆ ಮಾತು ಕೊಟ್ಟಿದ್ದ. ಅಕ್ಕ ಮಾತ್ರ ಟೇಪಿನ ಮಗ್ಗುಲಲ್ಲೇ ಮೊಣಕಾಲು ಮಡಚಿ ಕೂತು, ಒಂದು ಮಗ್ಗುಲು ಮುಗಿದೊಡನೆ ತಾನೇ ಕೈಯಾರೆ ತಿರುಗಿಸಿ ಹಾಕುತ್ತಿದ್ದಳು. ಅತ್ತಿದ್ದರೆ ಚೆನ್ನಾಗಿತ್ತು. ಅಳುವಿನ ಸಪ್ಪಳವೂ ಒಳಗೆ ಹೋಗುತ್ತದಲ್ಲ, ಅಳಲಿಲ್ಲ. ಸಪ್ಪಳವಿಲ್ಲದೆ ಇರುವುದನ್ನು ಅವಳು ಕಲಿತದ್ದು ಗಂಡನ ಮನೆಯಲ್ಲಲ್ಲ, ನಮ್ಮ ಪಡಸಾಲೆಯಲ್ಲಿ.

ಮದುವೆಯಾಗಿ ಹೋದ ಮೇಲೆ ಹಬ್ಬಕ್ಕೆ ಬಂದರೂ ಅವಳು ಹಾಡಲಿಲ್ಲ, ಬೀಸುವ ಕಲ್ಲಿನ ಮುಂದೆ ಕೂತರೂ ಹಾಡಲಿಲ್ಲ. ಬಸುರಾದಳು. ತವರಿಗೆ ಕರೆತರಲು ಅವ್ವ ಒಳ್ಳೆಯ ವಾರ ನೋಡುತ್ತಿದ್ದಳು, ಸೀಮಂತದ ಕುಬಸಕ್ಕೆ ಬಟ್ಟೆ ತಂದಿಟ್ಟಿದ್ದಳು. ದಿನ ತುಂಬುವ ಮೊದಲೇ ಸುದ್ದಿ ಬಂತು. ನಾವು ಹುಮನಾಬಾದಿಗೆ ಮುಟ್ಟುವಷ್ಟರಲ್ಲಿ ಅಕ್ಕನನ್ನೂ ಕೂಸನ್ನೂ ಅಂಗಳದಲ್ಲಿ ಮಲಗಿಸಿದ್ದರು. ಅವಳ ಅತ್ತೆ ಕೆಟ್ಟವಳಲ್ಲ, ಅವಳೂ ಅತ್ತು ಅತ್ತು ದನಿ ಕಳಕೊಂಡಿದ್ದಳು. ಅವ್ವನ ಕೈ ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

“ಒಂದ್ ಸಪ್ಪಳ ಮಾಡ್ಲಿಲ್ರೀ ಬೀಗ್ತಿ. ಕೋಣ್ಯಾಗ ಬಾಗಲಾ ಹಾಕ್ಕೊಂಡು ಸುಮ್ನ ಬ್ಯಾನಿ ತಿಂದಾಳ. ನಾವೆಲ್ಲ ಇಲ್ಲೇ ಪಡಸಾಲ್ಯಾಗ ಕುಂತೀವ್ರಿ. ಒದರಿದ್ರ ನಮಗ ಗೊತ್ತಾಗ್ತಿದ್ದಿಲ್ಲೇನ್ರಿ?”

ನಾನು ನರ್ಸಾದದ್ದು ಆ ಮಾತಿನಿಂದ. ಎಷ್ಟೋ ಹೆರಿಗೆ ಮಾಡಿಸಿದ್ದೇನೆ. ಹಲ್ಲು ಕಚ್ಚಿ ಸುಮ್ಮನೆ ಬೇನೆ ತಿನ್ನುವ ಹುಡುಗಿಯರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು, ಒದರು, ನಿನ್ನಪ್ಪಗೆ ಕೇಳಲಿ, ಒದರು ಎಂದು ಬೈಯುತ್ತಿದ್ದೆ. ಅಪ್ಪ ಆಮೇಲೆ ಟೇಪಿನ ಮುಸುಕು ತೆಗೆಯಲೇ ಇಲ್ಲ. ಮಾಣಿಕನಗರಕ್ಕೆ ಹೋಗಲಿಲ್ಲ. ಊಟದ ಹೊತ್ತಿಗೆ ಅವ್ವ ಮತ್ತೆ ರೊಟ್ಟಿ ಬಡಿಯುತ್ತಿದ್ದಳು, ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವರಿಬ್ಬರೂ ಹೋಗಿ ಈಗ ಬಹಳ ಕಾಲವಾಯಿತು. ಹಬೀಬ್ ಮಾಮಾನ ಹತ್ತಿರ ಮೂಲ ಟೇಪು ಇರಬಹುದೆಂದು ಆಸೆಯಿಂದ ಹೋಗಿದ್ದೆ. ಅದರ ಮೇಲೆ ಆಗಲೇ ಮತ್ತೊಬ್ಬರ ಹಾಡು ತುಂಬಿದ್ದೆ, ನನಗೇನು ಗೊತ್ತವ್ವ ಎಂದು ಅವನು ಕಣ್ಣೊರೆಸಿಕೊಂಡ.

ಅಂಗಡಿಯಿಂದ ಮಾರಿಹೋಗಿದ್ದ ಪ್ರತಿ ಒಂದೂ ಸಿಗಲಿಲ್ಲ, ಉಳಿದದ್ದು ಅಪ್ಪ ಹಂಚಿದ ಕ್ಯಾಸೆಟ್ಟುಗಳು. ಅವುಗಳ ಬೆನ್ನಿಗೆ ಕೆಂಪು ಅರಗು ಇರುತ್ತದೆ, ಅದೇ ಗುರುತು. ಎಲ್ಲಾದರೂ ಒಂದರಲ್ಲಿ, ಗಡಿಯಾರ ತಪ್ಪಿಯೋ ಕೈ ತಪ್ಪಿಯೋ, ಅಕ್ಕನ ಒಂದು ನುಡಿಯಾದರೂ ಉಳಿದಿರಬೇಕೆಂದು ಕಂಡಕಂಡ ಮನೆಯ ಕ್ಯಾಸೆಟ್ಟು ತಿರುವಿ ಬೆನ್ನು ನೋಡಿದೆ. ಅರಗಿನವು ಕೆಲವು ಸಿಕ್ಕವು. ಒಂದರಲ್ಲಿ ಯಾರದೋ ಮದುವೆಯ ಸನಾದಿ, ಒಂದರಲ್ಲಿ ಪುರಾಣ ಪ್ರವಚನ, ಒಂದರಲ್ಲಿ ದುಬೈಗೆ ಹೋದ ಮಗನಿಗೆ ತಾಯಿ ಹೇಳಿ ಕಳಿಸಿ, ಅವನು ಕೇಳಿ ವಾಪಸು ತಂದ ಮಾತು. ಎಲ್ಲವನ್ನೂ ಅಪ್ಪ ಕಲಿಸಿದ ಹಾಗೆ ಕಟಕ್ ಅನ್ನುವವರೆಗೆ ಕೇಳಿದೆ. ಒಂದರಲ್ಲೂ ಅವಳಿರಲಿಲ್ಲ. ಜನ ಖಾಲಿ ಜಾಗ ಕಂಡರೆ ಬಿಡುವುದಿಲ್ಲ, ತುದಿ ಮುಟ್ಟ ತುಂಬುತ್ತಾರೆ. ಬೇರೆಯವರ ಹಾಡು ಕೇಳುವ ರುಚಿ ನನಗೆ ಹತ್ತಿದ್ದು ಹೀಗೆ, ಅಕ್ಕ ಸಿಗದ ಜಾಗದಲ್ಲೆಲ್ಲ ಮತ್ತೊಬ್ಬರು ಸಿಕ್ಕಿ ಸಿಕ್ಕಿ.

ಹೋದ ಬೇಸಿಗೆಯಲ್ಲಿ ಕೊಡಂಬಲದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಅವಳ ಎರಡು ಹೆರಿಗೆ ನಾನೇ ಮಾಡಿಸಿದ್ದೆ. ಅವಳ ಮಾವ ಹಿಂದೆ ಹಳ್ಳಿಗೆ ಟಪ್ಪಾಲು ಹಂಚುತ್ತಿದ್ದವನು, ತೀರಿಕೊಂಡಿದ್ದ. ಅವನ ಟ್ರಂಕು ತೆಗೆದಾಗ ಸಿಕ್ಕಿತೆಂದು, ನಾನು ಹೋದಾಗ ಸೆರಗಿನಿಂದ ಧೂಳು ಒರೆಸಿ ಕೈಗಿಟ್ಟಳು.

“ಒಯ್ರಿ ಸಿಸ್ಟರ್. ಆದ್ರ ಏನೂ ಇಲ್ರಿ ಅದ್ರಾಗ. ನಮ್ಮ ಮಾವಗ ಟೇಪೇ ಇದ್ದಿಲ್ಲ. ನಿಮ್ಮಪ್ಪಾಜಿ ಕೊಟ್ಟಿದ್ರು ಅಂತ ಹಂಗೇ ಇಟ್ಟಿದ್ದ. ಖಾಲಿ ಅದ.”

ಮನೆಗೆ ಬಂದು ಹಗಲು ಹೊತ್ತಿನಲ್ಲೇ ಬಾಗಿಲು ಹಾಕಿಕೊಂಡು ಹಚ್ಚಿದೆ. ಖಾಲಿ ಇರಲಿಲ್ಲ, ನಮ್ಮ ಪಡಸಾಲೆ ಇತ್ತು. ಗಡಿಯಾರ. ಮಾಳಿಗೆಯ ಮೇಲೆ ಪಾರಿವಾಳ. ದೂರದ ಹಿಟ್ಟಿನ ಗಿರಣಿ, ಅದು ನಿಂತ ಮೇಲೆ ಮಸೀದಿಯ ಆಜಾನು. ಅವ್ವ ಅನ್ನದ ಬೋಗುಣಿ ಇಳಿಸಿದಾಗ ಬಳೆಯ ಸಪ್ಪಳ. ಒಂದು ಸಣ್ಣ ಹುಡುಗಿ ಮೂಗು ಸೊರ್ ಎಂದು ಎಳೆದದ್ದಕ್ಕೆ ಅಪ್ಪ “ಶ್ಶ್” ಅಂದದ್ದು; ಆ ಹುಡುಗಿ ನಾನೇ. ಎಲ್ಲಕ್ಕಿಂತ ಹತ್ತಿರದಲ್ಲಿ, ಯಂತ್ರಕ್ಕೆ ಅಂಟಿಕೊಂಡ ಹಾಗೆ, ಒಬ್ಬರ ಉಸಿರು. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಬಳಿ ಇರುವುದರಲ್ಲೆಲ್ಲ ಇದಕ್ಕಿಂತ ದುಃಖದ ಕ್ಯಾಸೆಟ್ಟು ಇಲ್ಲ. ಎರಡನೆಯ ಮಗ್ಗುಲನ್ನೂ ಹಾಗೇ ಕೇಳಿದೆ. ಕೊನೆಗೆ ಅಪ್ಪ ಎದ್ದ ಸಪ್ಪಳ, ಗುಂಡಿ ಎತ್ತಿದ ಸಪ್ಪಳ, ಅಲ್ಲಿಗೆ ಅಳಿಸಿದ್ದು ಮುಗಿಯಿತು.

ಟೇಪು ಇನ್ನೂ ತಿರುಗುತ್ತಿತ್ತು. ಕೋಣೆ ಬದಲಾಯಿತು. ಕೌದಿ ಹೊಡೆದ ಗೋಡೆಯ ಆ ಮಂದ ಸದ್ದು ನನಗೆ ಚೆನ್ನಾಗಿ ಗೊತ್ತು. ಹಬೀಬ್ ಮಾಮಾ ಯಂತ್ರ ನಿಲ್ಲಿಸುವುದನ್ನು ಮರೆತಿದ್ದನೋ ಏನೋ, ಕೊನೆಯ ಹಾಡು ಮುಗಿದ ಮೇಲಿನ ಮಾತು ಒಂದಿಷ್ಟು ಅದರೊಳಗೆ ಉಳಿದಿತ್ತು. ನಮಗೆ ಕೇಳಿಸಬಾರದೆಂದು ಅಪ್ಪ ಆಗ ಅವಸರದಿಂದ ಎದ್ದು ಬಂದ್ ಮಾಡುತ್ತಿದ್ದದ್ದು ಇದನ್ನೇ. ಅಳಿಸುವಾಗಲೂ ಅಲ್ಲಿಗೇ ನಿಂತಿದ್ದ. ಮೊದಲು ಅಕ್ಕ ಮಾತಾಡಿದಳು, ಹಾಡಿ ದಣಿದ ದನಿಯಲ್ಲಿ.

“ಅಪ್ಪಾ, ಛಲೋ ಆತಿಲ್ಲೋ?”

“ಆತವ್ವ, ಬಂಗಾರ ಆತು. ಆದ್ರ ಅಷ್ಟ್ಯಾಕ ಹೆದರಿ ಹಾಡ್ತಿ? ಬಾಯಿ ಬಿಚ್ಚು ಮಗಾ, ದೊಡ್ಡ ದನಿ ತೆಗಿ. ಕೇಳಾಕ ನಾ ಇಲ್ಲೇ ಕುಂತೀನಲ್ಲ.”

ಕಟಕ್ ಎಂದು ಟೇಪು ನಿಂತಿತು.